ಡಿಸ್ಟ್ರಿಕ್ಟ್ ಅಟಾರ್ನಿಗೂ ನಾವೇ ಓಟು ಹಾಕಬೇಕಾ? ಇವರ ಕೆಲಸ ಏನು ಅಂತ ಯಾರಾದರೂ ಬಿಡಿಸಿ ಹೇಳಿ

ಕೋಲಾರದಿಂದ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ಇದ್ದೇನೆ, ಹೊಸದಾಗಿ ಸಿಟಿಜನ್ ಆದವನು. ಗವರ್ನರ್, ಸೆನೆಟರ್ ತನಕ ತೊಂದರೆ ಇಲ್ಲ, ಅವರ ಮುಖ ಟಿವಿಯಲ್ಲಿ ನೋಡಿ ನೋಡಿ ಸಾಕಾಗಿದೆ. ಸ್ಯಾಂಪಲ್ ಬ್ಯಾಲಟ್ ತೆಗೆದು ಕೆಳಗೆ ಹೋದರೆ ಡಿಸ್ಟ್ರಿಕ್ಟ್ ಅಟಾರ್ನಿ ಅಂತ ಒಂದು ಸಾಲು ಇದೆ. ಸರ್ಕಾರಿ ವಕೀಲರಿಗೆ ನಾವ್ಯಾಕೆ ಓಟು ಹಾಕಬೇಕು? ನಮ್ಮೂರ ಕೋರ್ಟಿನಲ್ಲಿ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಅಂದರೆ ಕಪ್ಪು ಕೋಟು, ಕಂಕುಳಲ್ಲಿ ಫೈಲು, ಪೊಲೀಸರು ಕೊಟ್ಟಿದ್ದನ್ನು ಜಡ್ಜ್ ಮುಂದೆ ವಾದಿಸುವವರು. ಇಲ್ಲಿ ನೋಡಿದರೆ ರಾಜಕಾರಣಿಗಳ ಹಾಗೆ ಮನೆ ಮುಂದೆ ಬೋರ್ಡ್ ನೆಡುತ್ತಾರೆ. ಇವರು ರಾಜ್ಯ ಸರ್ಕಾರದ ನೌಕರರಾ, ಕೌಂಟಿಯವರಾ (ನಮ್ಮ ಜಿಲ್ಲಾಡಳಿತದ ಥರ)? ಅಟಾರ್ನಿ ಜನರಲ್ ಅಂತ ಇನ್ನೊಬ್ಬರು ಇದ್ದಾರಲ್ಲ, ಅವರ ಕೈ ಕೆಳಗಾ? ಎಐ ಕೇಳಿ ಅನ್ನಬೇಡಿ, ಕೇಳಿದೆ, ನಿದ್ದೆ ಬಂತು.

ಶರಾವತಿ_ತೀರದವಳು

ನಾನು ಕ್ಯಾಲಿಫೋರ್ನಿಯಾದಲ್ಲಿ ಕ್ರಿಮಿನಲ್ ಡಿಫೆನ್ಸ್ ವಕೀಲರ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ಅಂದರೆ ದಿನಾ ಡಿಎ (ಡಿಸ್ಟ್ರಿಕ್ಟ್ ಅಟಾರ್ನಿ) ಆಫೀಸಿನ ಎದುರು ಪಾರ್ಟಿ. ನನ್ನ ಮಾತು ಸ್ವಲ್ಪ ಆ ಕಡೆ ವಾಲಿದರೆ ಅದನ್ನು ಲೆಕ್ಕಕ್ಕೆ ತಗೊಂಡೇ ಓದಿ.

ಅಮೆರಿಕದಲ್ಲಿ ಕೊಲೆ, ಕಳವು, ಹೊಡೆದಾಟ, ಕುಡಿದು ಗಾಡಿ ಓಡಿಸುವುದು, ಇದೆಲ್ಲ ಬಹುತೇಕ ರಾಜ್ಯದ ಕಾನೂನಿನ ಕೆಳಗೆ ಬರುವ ಅಪರಾಧ. ಕೇಸಿನ ಹೆಸರಲ್ಲೇ ಇದೆ ನೋಡಿ: ಟೆಕ್ಸಾಸ್‌ನಲ್ಲಿ 'ಸ್ಟೇಟ್ ಆಫ್ ಟೆಕ್ಸಾಸ್ ವರ್ಸಸ್ ಇಂಥವರು', ನಮ್ಮಲ್ಲಿ ಮತ್ತು ನ್ಯೂಯಾರ್ಕಿನಲ್ಲಿ 'ದ ಪೀಪಲ್ ವರ್ಸಸ್', ಪೆನ್ಸಿಲ್ವೇನಿಯಾದಲ್ಲಿ 'ಕಾಮನ್‌ವೆಲ್ತ್ ವರ್ಸಸ್'. ಕೇಸು ಹಾಕುವುದು ರಾಜ್ಯದ ಹೆಸರಲ್ಲಿ. ಆದರೆ ಹಾಕುವ ವ್ಯಕ್ತಿಯನ್ನು ಆರಿಸುವುದು ಕೌಂಟಿಯ ಅಥವಾ ಕೆಲವು ಕೌಂಟಿ ಸೇರಿದ ಜಿಲ್ಲೆಯ ಜನ. ಆಫೀಸಿನ ಖರ್ಚಿನ ದೊಡ್ಡ ಪಾಲು ಕೌಂಟಿ ಬಜೆಟ್‌ನಿಂದ. ಅಧಿಕಾರ ರಾಜ್ಯದ್ದು, ಕುರ್ಚಿ ಊರಿನದ್ದು. ನಿಮಗೆ ಗೊಂದಲ ಆಗಿದ್ದು ಸಹಜ, ಇಲ್ಲಿ ಹುಟ್ಟಿದವರಿಗೂ ಆಗುತ್ತದೆ.

ಇಂಥ ಆಫೀಸುಗಳು ದೇಶದಲ್ಲಿ 2,300ರ ಆಸುಪಾಸು. ಹೆಸರು ಒಂದೊಂದು ಕಡೆ ಒಂದೊಂದು. ಇಲಿನಾಯ್‌ನಲ್ಲಿ ಸ್ಟೇಟ್ಸ್ ಅಟಾರ್ನಿ, ವರ್ಜೀನಿಯಾದಲ್ಲಿ ಕಾಮನ್‌ವೆಲ್ತ್ಸ್ ಅಟಾರ್ನಿ, ಮಿಶಿಗನ್‌ನಲ್ಲಿ ಪ್ರಾಸಿಕ್ಯೂಟಿಂಗ್ ಅಟಾರ್ನಿ, ಸೌತ್ ಕೆರೊಲೈನಾದಲ್ಲಿ ಸಾಲಿಸಿಟರ್. ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ, ಕೆಲಸ ಹೆಚ್ಚುಕಮ್ಮಿ ಅದೇ. ಓಟು ಹಾಕಿ ಆರಿಸುವ ಪದ್ಧತಿ ಮಿಸಿಸಿಪ್ಪಿಯಲ್ಲಿ 1832ರಲ್ಲಿ ಶುರುವಾಯಿತು. ಗವರ್ನರ್‌ಗಳು ತಮ್ಮವರನ್ನೇ ತಂದು ಕೂರಿಸುತ್ತಿದ್ದರು, ಅದನ್ನು ತಪ್ಪಿಸಬೇಕು ಅನ್ನುವುದು ಆ ಕಾಲದವರ ವಾದ.

ನೀವು ಕೋರ್ಟಿನಲ್ಲಿ ವಾದಿಸುವವರು ಅಂದಿರಿ. ಡಿಎ ಸಾಹೇಬರು ಕೋರ್ಟಿಗೆ ಬರುವುದೇ ಅಪರೂಪ, ಅಲ್ಲಿ ಓಡಾಡುವುದು ಅವರ ಕೈಕೆಳಗಿನ ಡೆಪ್ಯುಟಿಗಳು. ಅವರ ನಿಜವಾದ ಕೆಲಸ ಮೇಜಿನ ಮೇಲೆ ನಡೆಯುತ್ತದೆ. ಪೊಲೀಸರು ಕಾಗದ ತಂದಿಡುತ್ತಾರೆ. ಕೇಸು ಹಾಕಬೇಕೋ ಬೇಡವೋ, ಹಾಕಿದರೆ ಯಾವ ಸೆಕ್ಷನ್, ಫೆಲನಿಯೋ (ದೊಡ್ಡ ಅಪರಾಧ) ಮಿಸ್‌ಡಿಮೀನರೋ (ಸಣ್ಣದು), ಇದು ಅಲ್ಲೇ ತೀರ್ಮಾನ. ಆ ಮೇಜಿನ ಹತ್ತಿರ ಜಡ್ಜ್ ಇರುವುದಿಲ್ಲ, ಪತ್ರಕರ್ತರು ಇರುವುದಿಲ್ಲ, ನಮ್ಮ ವಕೀಲರೂ ಇರುವುದಿಲ್ಲ.

ಮೈಸೂರು_ವಕೀಲ

ಮೇಡಂ ಹೇಳಿದ್ದು ಮುಖ್ಯ ವಿಷಯ. ನಮ್ಮಲ್ಲಿ ಎಫ್‌ಐಆರ್ ಹಾಕುವುದು ಪೊಲೀಸರು, ತನಿಖೆ ಪೊಲೀಸರು, ಚಾರ್ಜ್‌ಶೀಟ್ ಸಲ್ಲಿಸುವುದೂ ಪೊಲೀಸರೇ. ಪಿಪಿ ಕೈಗೆ ಬರುವ ಹೊತ್ತಿಗೆ ಅಡುಗೆ ಆಗಿರುತ್ತದೆ, ಬಡಿಸುವುದಷ್ಟೇ ಬಾಕಿ. ನೇಮಕ ಸರ್ಕಾರದ್ದು. ಹೈಕೋರ್ಟ್ ಪಿಪಿ ಆದರೆ ಹೈಕೋರ್ಟ್ ಜೊತೆ ಸಮಾಲೋಚನೆ ಇರುತ್ತದೆ. ಕೇಸು ವಾಪಸ್ ತಗೊಳ್ಳಬೇಕಾದರೆ ಕೋರ್ಟಿನ ಒಪ್ಪಿಗೆ ಬೇಕು, ಮೊದಲು ಸಿಆರ್‌ಪಿಸಿ 321, ಈಗ ಬಿಎನ್‌ಎಸ್‌ಎಸ್ 360. ಅಮೆರಿಕದಲ್ಲಿ ಕೇಸು ಹಾಕದೇ ಬಿಡುವುದಕ್ಕೆ ಯಾರ ಒಪ್ಪಿಗೆಯೂ ಬೇಡವಾ?

ಶರಾವತಿ_ತೀರದವಳು

ಹಾಕದೇ ಇರುವುದಕ್ಕೆ ಬೇಡ ಸರ್. ಹಾಕಿದ ಮೇಲೆ ಕೈಬಿಡುವುದಾದರೆ ಟೆಕ್ಸಾಸ್, ಕ್ಯಾಲಿಫೋರ್ನಿಯಾ ಥರದ ಕಡೆ ಕಾಗದದ ಮೇಲೆ ಜಡ್ಜ್ ಒಪ್ಪಿಗೆ ಬೇಕು. ಆದರೆ ಸರ್ಕಾರಿ ವಕೀಲರೇ ನಡೆಸಲ್ಲ ಅಂದ ಕೇಸನ್ನು ಯಾವ ಜಡ್ಜ್ ಹಿಡಿದು ನಡೆಸುತ್ತಾರೆ?

ಕೋಲಾರದಿಂದ_ಡಲ್ಲಾಸ್

ಹಾಗಾದರೆ ಕಂಪ್ಲೇಂಟ್ ಕೊಟ್ಟವರ ಮಾತಿಗೆ ಬೆಲೆ ಇಲ್ಲವಾ? ನಮ್ಮ ಕಡೆಯ ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಸಲ ಕೇಳಿದ್ದೇನೆ: ಗಂಡ ಹೆಂಡತಿ ಜಗಳ, 911ಗೆ ಫೋನ್, ಪೊಲೀಸರು ಗಂಡನನ್ನು ಕರೆದುಕೊಂಡು ಹೋದರು, ಮಾರನೇ ದಿನ ಹೆಂಡತಿ ಹೋಗಿ 'ನನ್ನದೇನೂ ದೂರಿಲ್ಲ, ಬಿಟ್ಟುಬಿಡಿ' ಅಂದರೂ ಬಿಡಲಿಲ್ಲ ಅಂತ.

ಶರಾವತಿ_ತೀರದವಳು

ಬಿಡುವುದು ಬಿಡದಿರುವುದು ಅವರ ಕೈಯಲ್ಲಿ ಇಲ್ಲ. ಇದು ನಮ್ಮವರು ಜಾಸ್ತಿ ಎಡವುವ ಜಾಗ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ದೂರು ಕೊಟ್ಟವರು ಇಲ್ಲಿ ಕೇಸಿನ ಪಾರ್ಟಿ ಅಲ್ಲ, ಸಾಕ್ಷಿ. ಕೇಸು ರಾಜ್ಯದ್ದು. 'ಐ ವಾಂಟ್ ಟು ಡ್ರಾಪ್ ಚಾರ್ಜಸ್' ಅಂತ ಸಿನಿಮಾದಲ್ಲಿ ಹೇಳುತ್ತಾರಲ್ಲ, ಹಾಗೆ ಹೇಳುವ ಹಕ್ಕು ಅವರಿಗಿಲ್ಲ. ಡಿಎ ಅವರ ಮಾತು ಕೇಳಿಸಿಕೊಳ್ಳಬಹುದು, ಕೇಳಿಸಿಕೊಂಡು ಬದಿಗಿಡಲೂಬಹುದು. ಮನೆಯೊಳಗಿನ ಹಿಂಸೆಯ ಕೇಸುಗಳಲ್ಲಂತೂ ಎಷ್ಟೋ ಆಫೀಸುಗಳು ಹೆಂಡತಿ ಬೇಡ ಅಂದರೂ ಮುಂದುವರಿಸುವ ನೀತಿ ಇಟ್ಟುಕೊಂಡಿವೆ. ಕಾರಣ ಇದೆ: ಬೇಡ ಅನ್ನುವ ಮಾತು ಅವಳದ್ದೋ, ಅತ್ತೆ ಮನೆಯವರು ಬೆಂಗಳೂರಿಂದ ಫೋನ್ ಮಾಡಿ ಹೇಳಿಸಿದ್ದೋ ಯಾರಿಗೆ ಗೊತ್ತು? 911 ರೆಕಾರ್ಡಿಂಗ್, ಪೊಲೀಸರ ಕ್ಯಾಮೆರಾ, ಗಾಯದ ಫೋಟೋ, ಇಷ್ಟರಲ್ಲೇ ಕೇಸು ನಡೆಸಲು ನೋಡುತ್ತಾರೆ. ನಾನು ಎದುರು ಪಾರ್ಟಿಯಲ್ಲಿ ಕೂತಿದ್ದರೂ ಈ ನೀತಿ ತಪ್ಪು ಅಂತ ಹೇಳಲಾರೆ.

ಉಲ್ಟಾನೂ ಅಷ್ಟೇ. ಕೇಸು ಹಾಕಲೇಬೇಕು ಅಂತ ಒತ್ತಾಯ ಮಾಡುವ ಹಕ್ಕೂ ಇಲ್ಲ. 1973ರಲ್ಲಿ ನಿಮ್ಮ ಟೆಕ್ಸಾಸ್‌ನ ತಾಯಿಯೊಬ್ಬರ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಮಗುವಿನ ಅಪ್ಪ ಖರ್ಚಿಗೆ ದುಡ್ಡು ಕೊಡುತ್ತಿಲ್ಲ, ಮದುವೆ ಆಗಿಲ್ಲ ಅಂತ ಡಿಎ ಅವನ ಮೇಲೆ ಕೇಸು ಹಾಕುತ್ತಿಲ್ಲ ಅಂತ ದೂರು. ಬೇರೆಯವರ ಮೇಲೆ ಕೇಸು ಹಾಕಿಸುವ ವಿಷಯದಲ್ಲಿ ನಾಗರಿಕರಿಗೆ ಕೋರ್ಟಿಗೆ ಬರುವಂಥ ಹಿತಾಸಕ್ತಿ ಇಲ್ಲ ಅಂತ ಕಳಿಸಿಬಿಟ್ಟರು.

ಗದಗಿನ_ಗಾಳಿ

ಎಲ್ಲಾ ಸರಿ ಮೇಡಂ, ಆದರೆ ನೀವು ಡಿಎ ಅಂದರೆ ರಾಕ್ಷಸ ಅನ್ನುವ ಹಾಗೆ ಹೇಳುತ್ತಿದ್ದೀರಿ. ಕೇಸು ಹಾಕಿದರೂ ಕೊನೆಗೆ ಜ್ಯೂರಿ ಅಂತ 12 ಜನ ಇದ್ದಾರಲ್ಲ? ಟೆಕ್ಸಾಸ್‌ನಲ್ಲಿ ಅದಕ್ಕೂ ಮುಂಚೆ, ಕೇಸು ನಡೆಸುವಷ್ಟು ಆಧಾರ ಇದೆಯಾ ಅಂತ ನೋಡುವ ನಾಗರಿಕರ ಗ್ರ್ಯಾಂಡ್ ಜ್ಯೂರಿ ಬೇರೆ ಇದೆ. ತಪ್ಪು ಮಾಡಿಲ್ಲ ಅಂದರೆ ಹೋಗಿ ವಾದಿಸಲಿ.

ಶರಾವತಿ_ತೀರದವಳು

ಗ್ರ್ಯಾಂಡ್ ಜ್ಯೂರಿ ಕೋಣೆಯೊಳಗೆ ಯಾರು ಇರುತ್ತಾರೆ ಗೊತ್ತಾ ಅಣ್ಣ? ಟೆಕ್ಸಾಸ್‌ನಲ್ಲಿ 12 ಜನ ಕೂರುತ್ತಾರೆ, 9 ಜನ ಹೂಂ ಅಂದರೆ ಸಾಕು. ಸಾಕ್ಷಿ ತೋರಿಸುವುದು ಸರ್ಕಾರಿ ವಕೀಲರು ಮಾತ್ರ. ಆರೋಪಿಯ ವಕೀಲರಿಗೆ ಒಳಗೆ ಪ್ರವೇಶ ಇಲ್ಲ, ಜಡ್ಜ್ ಕೂಡ ಇರಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಅದೂ ಇಲ್ಲ, ಜಡ್ಜ್ ಮುಂದೆ ಒಂದು ಸಣ್ಣ ವಿಚಾರಣೆ ಮಾಡಿ ಮುಂದೆ ಹೋಗುತ್ತಾರೆ. ರಾಜ್ಯಗಳಿಗೆ ಗ್ರ್ಯಾಂಡ್ ಜ್ಯೂರಿ ಕಡ್ಡಾಯ ಅಲ್ಲ ಅಂತ 1884ರಲ್ಲೇ ತೀರ್ಪಾಗಿದೆ.

ಇನ್ನು 12 ಜನರ ಜ್ಯೂರಿ. 2012ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಬರೆದಿರುವ ಅಂಕಿ: ರಾಜ್ಯಗಳಲ್ಲಿ ಶಿಕ್ಷೆಯಾಗುವ ಕೇಸುಗಳಲ್ಲಿ 94% ತಪ್ಪೊಪ್ಪಿಗೆಯಿಂದ ಆದವು. ಜ್ಯೂರಿ ಇಲ್ಲ, ವಾದ ಇಲ್ಲ. ಕಾರಿಡಾರ್‌ನಲ್ಲಿ ಇಬ್ಬರು ವಕೀಲರು ಮಾತಾಡಿ ಮುಗಿಸಿದ್ದು. ಆ ಮಾತುಕತೆಯಲ್ಲಿ ಯಾರ ಕೈ ಮೇಲೆ ಅಂತ ತಿಳಿಯಬೇಕಾದರೆ ಕೆಂಟಕಿಯ ಪಾಲ್ ಹೇಯ್ಸ್ ಕೇಸು ನೋಡಿ. 88 ಡಾಲರ್ 30 ಸೆಂಟ್‌ನ ನಕಲಿ ಚೆಕ್. ಶಿಕ್ಷೆ 2ರಿಂದ 10 ವರ್ಷ. ತಪ್ಪೊಪ್ಪಿಕೊಂಡರೆ 5 ವರ್ಷ ಕೇಳುತ್ತೇನೆ, ಒಪ್ಪದಿದ್ದರೆ ಹಳೇ ಕೇಸು ಸೇರಿಸಿ 'ರೂಢಿಗತ ಅಪರಾಧಿ' ಕಾನೂನು ಹಾಕುತ್ತೇನೆ ಅಂತ ಸರ್ಕಾರಿ ವಕೀಲರು ಮುಖಕ್ಕೆ ಹೇಳಿದರು. ಹೇಯ್ಸ್ ಒಪ್ಪಲಿಲ್ಲ. ಹೇಳಿದಂತೆ ಹಾಕಿದರು. ಜೀವಾವಧಿ ಆಯಿತು. 1978ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಇದು ಸರಿ ಅಂದಿತು. 88 ಡಾಲರ್‌ಗೆ ಜೀವಾವಧಿ. ಅದನ್ನು ಕೇಳಿದವರು ಜಡ್ಜ್ ಅಲ್ಲ, ಶಾಸಕರೂ ಅಲ್ಲ.

ಗದಗಿನ_ಗಾಳಿ

88 ಡಾಲರ್ ಕೇಸು ಅನ್ಯಾಯ, ಒಪ್ಪಿದೆ. ಆದರೆ ಅವನಿಗೆ ಹಳೇ ಕೇಸುಗಳೂ ಇದ್ದವಲ್ಲ, ಅದನ್ನು ಮೆತ್ತಗೆ ದಾಟಿಸಿಬಿಟ್ಟಿರಿ.

ಶರಾವತಿ_ತೀರದವಳು

ಇದ್ದವು, ಎರಡು. ದಾಟಿಸಿಲ್ಲ, 'ಹಳೇ ಕೇಸು ಸೇರಿಸಿ' ಅಂತ ಮೇಲೇ ಇದೆ ನೋಡಿ 🙂

ಸುಮಾ_ಎಡಿಸನ್

ತಪ್ಪೊಪ್ಪಿಗೆ ವಿಷಯ ಬಂದಿದ್ದಕ್ಕೆ ಒಂದು ಮಾತು. ಎಚ್-1ಬಿ, ಗ್ರೀನ್ ಕಾರ್ಡ್ ಮೇಲೆ ಇರುವವರು ಇದನ್ನು ಎರಡು ಸಲ ಓದಿ. ಅಂಗಡಿಯಲ್ಲಿ ಸಣ್ಣ ಕಳವು, ಹೊಡೆದಾಟ, ಇಂಥದ್ದಕ್ಕೆ 'ಜೈಲಿಲ್ಲ, ಬರೀ ಫೈನ್, ಸಹಿ ಹಾಕಿ ಹೋಗಿ' ಅಂದಾಗ ನಮ್ಮವರು ಮರ್ಯಾದೆಗೆ ಅಂಜಿ ಬೇಗ ಮುಗಿಯಲಿ ಅಂತ ಸಹಿ ಹಾಕುತ್ತಾರೆ. ಕೋರ್ಟಿನಲ್ಲಿ ಸಣ್ಣದು ಅನಿಸಿದ್ದು ಇಮಿಗ್ರೇಷನ್‌ನಲ್ಲಿ ದೊಡ್ಡದಾಗಬಹುದು, ಗಡೀಪಾರಿನ ತನಕ. 2010ರ ಪಡಿಯಾ ವರ್ಸಸ್ ಕೆಂಟಕಿ ತೀರ್ಪಿನ ನಂತರ ನಿಮ್ಮ ವಕೀಲರು ಇದನ್ನು ನಿಮಗೆ ಹೇಳಲೇಬೇಕು. ಸರ್ಕಾರಿ ವಕೀಲರಿಗೆ ಎಲ್ಲ ಕಡೆ ಆ ಹೊಣೆ ಇಲ್ಲ.

ಶರಾವತಿ_ತೀರದವಳು

ಸುಮಾ ಅವರೇ, ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಇದೆ. ಮಾತುಕತೆ ನಡೆಸುವಾಗ ಇಮಿಗ್ರೇಷನ್ ಪರಿಣಾಮ ತಪ್ಪಿಸಲು ಸಾಧ್ಯವಾ ಅಂತ ಡಿಎ ಕಡೆಯವರೂ ಯೋಚಿಸಬೇಕು ಅಂತ ಕಾನೂನೇ ಹೇಳುತ್ತದೆ. ಅದಕ್ಕೇ ನಾವು ಮೊದಲೇ ವೀಸಾ ಕಾಗದ ಕೇಳುವುದು. ಆಮೇಲೆ ಹೇಳಿದರೆ ನಮ್ಮ ಕೈ ಕಟ್ಟಿರುತ್ತದೆ.

ರೌಂಡ್‌ರಾಕ್_ರಾಯರು

ಡಲ್ಲಾಸ್ ತಮ್ಮ, ನೀವು ಟೆಕ್ಸಾಸ್‌ನವರಾದ್ದರಿಂದ ಮೈಕಲ್ ಮಾರ್ಟನ್ ಕೇಸು ಓದದೇ ಓಟು ಹಾಕಬೇಡಿ. ನಡೆದದ್ದು ನಮ್ಮದೇ ವಿಲಿಯಮ್ಸನ್ ಕೌಂಟಿಯಲ್ಲಿ. ರೌಂಡ್ ರಾಕ್, ಸೀಡರ್ ಪಾರ್ಕ್ ಎಲ್ಲ ಇದರಲ್ಲೇ ಬರುತ್ತದೆ, ಈಗ ಇಲ್ಲಿ ಬೀದಿಗೊಂದು ಕನ್ನಡದ ಮನೆ ಇದೆ.

1986ರ ಆಗಸ್ಟ್. ಮಾರ್ಟನ್ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಹೆಂಡತಿಯ ಶವ ಮನೆಯಲ್ಲಿ ಸಿಕ್ಕಿತು. ಗಂಡನೇ ಕೊಂದ ಅಂತ ಕೇಸು. ಅದಕ್ಕೂ ಮುಂಚೆ ಅವರ ಮೇಲೆ ಒಂದೂ ಕೇಸಿರಲಿಲ್ಲ. 1987ರಲ್ಲಿ ಜೀವಾವಧಿ. ಈಗ ಕೇಳಿ. ಮನೆಯಲ್ಲಿ ಮೂರು ವರ್ಷದ ಮಗ ಇದ್ದ. ಅಮ್ಮನನ್ನು ಹೊಡೆದದ್ದು ಒಬ್ಬ ರಾಕ್ಷಸ, ಅಪ್ಪ ಆಗ ಮನೆಯಲ್ಲಿ ಇರಲಿಲ್ಲ ಅಂತ ಆ ಮಗು ಅಜ್ಜಿಗೆ ಹೇಳಿತ್ತು. ಅಜ್ಜಿ ಅದನ್ನು ತನಿಖಾಧಿಕಾರಿಗೆ ಹೇಳಿದ್ದರು, ಅದು ಟೈಪ್ ಆಗಿ ಫೈಲಿನಲ್ಲಿತ್ತು. ಹಸಿರು ವ್ಯಾನ್ ನಿಲ್ಲಿಸಿ ಮನೆ ಹಿಂದಿನ ಪೊದೆ ಕಡೆ ನಡೆದು ಹೋಗುತ್ತಿದ್ದ ಗಂಡಸನ್ನು ನೆರೆಯವರು ನೋಡಿದ್ದರು. ಅದೂ ಫೈಲಿನಲ್ಲಿತ್ತು. ಇದ್ಯಾವುದೂ ಮಾರ್ಟನ್ ವಕೀಲರ ಕೈಗೆ ಬರಲಿಲ್ಲ. ಆರೋಪಿಗೆ ಅನುಕೂಲವಾಗುವ ಸಾಕ್ಷ್ಯ ಮುಚ್ಚಿಡುವಂತಿಲ್ಲ ಅಂತ ಬ್ರೇಡಿ ವರ್ಸಸ್ ಮೇರಿಲ್ಯಾಂಡ್ ತೀರ್ಪು 1963ರಿಂದಲೂ ಇದೆ, ಯಾವ ಲಾ ಸ್ಟೂಡೆಂಟ್‌ನನ್ನು ಕೇಳಿದರೂ ಬಾಯಿಪಾಠ ಹೇಳುತ್ತಾನೆ. ಆದರೆ ಫೈಲಿನಲ್ಲಿ ಏನಿದೆ ಅಂತ ಗೊತ್ತಿರುವುದು ಫೈಲು ಇಟ್ಟುಕೊಂಡವರಿಗೆ ಮಾತ್ರ. ಇದೆ ಅಂತಲೇ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ?

ಮನೆಯಿಂದ ಸ್ವಲ್ಪ ದೂರದಲ್ಲಿ ಸಿಕ್ಕ ರಕ್ತದ ಕರವಸ್ತ್ರವೊಂದಿತ್ತು. ಅದಕ್ಕೆ ಡಿಎನ್‌ಎ ಪರೀಕ್ಷೆ ಮಾಡಿ ಅಂತ ಮಾರ್ಟನ್ ಕಡೆಯವರು ಕೇಳಿದರೆ, ಆಮೇಲೆ ಬಂದ ಡಿಎ ಜಾನ್ ಬ್ರಾಡ್ಲಿ ವರ್ಷಗಟ್ಟಲೆ ವಿರೋಧ ಮಾಡಿದರು. ಕೊನೆಗೆ ಪರೀಕ್ಷೆ ಆಯಿತು. ಹೆಂಡತಿಯ ರಕ್ತದ ಜೊತೆ ಬೇರೊಬ್ಬನ ಡಿಎನ್‌ಎ. 2011ರ ಅಕ್ಟೋಬರ್‌ನಲ್ಲಿ, ಹತ್ತಿರ ಹತ್ತಿರ 25 ವರ್ಷ ಆದ ಮೇಲೆ, ಬಿಡುಗಡೆ. ನಿಜವಾದ ಕೊಲೆಗಾರನಿಗೆ 2013ರಲ್ಲಿ ಶಿಕ್ಷೆ ಆಯಿತು. ಅವನು 1988ರಲ್ಲಿ ಆಸ್ಟಿನ್‌ನಲ್ಲಿ ಇನ್ನೊಬ್ಬ ಹೆಣ್ಣುಮಗಳನ್ನೂ ಕೊಂದಿದ್ದ ಅಂತ ಆಮೇಲೆ ಸಾಬೀತಾಯಿತು. ಅಂದರೆ ಮಾರ್ಟನ್ ಜೈಲಿನಲ್ಲಿದ್ದಾಗ. ಗದಗಿನ ಗಾಳಿ ಅವರೇ, ಕಟ್ಟುನಿಟ್ಟು ಬೇಕು ಅನ್ನುವವರು ಈ ಸಾಲನ್ನು ನೋಡಬೇಕು. ತಪ್ಪು ಮನುಷ್ಯನನ್ನು ಒಳಗೆ ಹಾಕಿದರೆ ಸರಿಯಾದ ಮನುಷ್ಯ ಹೊರಗೇ ಇರುತ್ತಾನೆ.

ಆ ಕೇಸು ನಡೆಸಿದ ಡಿಎ ಕೆನ್ ಆಂಡರ್ಸನ್ ಅಷ್ಟು ಹೊತ್ತಿಗೆ ಜಡ್ಜ್ ಆಗಿದ್ದರು. 2013ರಲ್ಲಿ ಕೋರ್ಟ್ ನಿಂದನೆಗೆ 10 ದಿನ ಜೈಲು, 500 ಡಾಲರ್ ದಂಡ. ಸನ್ನಡತೆ ಅಂತ 10 ದಿನವೂ ಪೂರ್ತಿ ಇರಲಿಲ್ಲ. ಲಾ ಲೈಸೆನ್ಸ್ ಬಿಟ್ಟುಕೊಟ್ಟರು, ಜಡ್ಜ್ ಹುದ್ದೆಗೂ ರಾಜೀನಾಮೆ. 25 ವರ್ಷಕ್ಕೆ 10 ದಿನ. ಬ್ರಾಡ್ಲಿ ಅವರನ್ನು 2012ರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆ) ಜನ ಮನೆಗೆ ಕಳಿಸಿದರು. ಅದೇ ಸಿಟ್ಟಿನಲ್ಲಿ ಟೆಕ್ಸಾಸ್ ಶಾಸನಸಭೆ ಮೈಕಲ್ ಮಾರ್ಟನ್ ಆಕ್ಟ್ ಮಾಡಿತು. 2014ರ ಜನವರಿ 1ರಿಂದ ಪ್ರಾಸಿಕ್ಯೂಷನ್ ಫೈಲನ್ನು ಆರೋಪಿ ವಕೀಲರಿಗೆ ತೆರೆದು ತೋರಿಸಬೇಕು.

ಮೈಸೂರು_ವಕೀಲ

ಓದಿ ಹೊಟ್ಟೆ ಉರಿಯಿತು ರಾಯರೇ. ಅವರ ಮೇಲೆ ನಷ್ಟ ಪರಿಹಾರದ ದಾವೆ ಹಾಕಬಹುದಲ್ಲ?

ಶರಾವತಿ_ತೀರದವಳು

ಅಲ್ಲೇ ಇರುವುದು ಸರ್ ತಮಾಷೆ. ಕೇಸು ನಡೆಸುವಾಗ ಮಾಡಿದ್ದಕ್ಕೆ ಪ್ರಾಸಿಕ್ಯೂಟರ್ ಮೇಲೆ ಸಿವಿಲ್ ರೈಟ್ಸ್ ದಾವೆ ಹೂಡುವಂತಿಲ್ಲ, ಬೇಕೆಂದೇ ಮಾಡಿದ್ದರೂ. 1976ರ ಇಂಬ್ಲರ್ ತೀರ್ಪು. ಆಫೀಸಿನ ಮೇಲೆ ಹಾಕೋಣ ಅಂತ ನ್ಯೂ ಆರ್ಲಿಯನ್ಸ್‌ನ ಜಾನ್ ಥಾಂಪ್ಸನ್ ಹೋದರು. 18 ವರ್ಷ ಜೈಲು, ಅದರಲ್ಲಿ 14 ವರ್ಷ ಮರಣದಂಡನೆಯ ಸಾಲಿನಲ್ಲಿ. ರಕ್ತದ ಗುಂಪಿನ ಲ್ಯಾಬ್ ರಿಪೋರ್ಟ್ ಮುಚ್ಚಿಟ್ಟಿದ್ದರು. ಅದು ಹೊರಗೆ ಬಂದಿದ್ದು ಗಲ್ಲಿಗೇರಿಸುವ ದಿನಕ್ಕೆ ಕೆಲವೇ ವಾರ ಮುಂಚೆ. ಜ್ಯೂರಿ 140 ಲಕ್ಷ ಡಾಲರ್ ಕೊಡಿ ಅಂತು. 2011ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೆಗೆದು ಹಾಕಿತು. ಡೆಪ್ಯುಟಿಗಳಿಗೆ ತರಬೇತಿ ಕೊಡಲಿಲ್ಲ ಅನ್ನುವುದಕ್ಕೆ ಈ ಒಂದು ಪ್ರಕರಣ ಸಾಲದು ಅಂತ ಕಾರಣ.

ಹಾಗಾಗಿ ಉಳಿದಿರುವ ಅಂಕುಶ ಅಂದರೆ ಬಾರ್ ಅಸೋಸಿಯೇಷನ್ ಶಿಸ್ತು ಕ್ರಮ, ಅದು ಅಪರೂಪ. ಇನ್ನೊಂದು, ನಿಮ್ಮ ಬ್ಯಾಲಟ್‌ನ ಆ ಸಾಲು.

ಗದಗಿನ_ಗಾಳಿ

ಆ ಸಾಲು ಎರಡೂ ಕಡೆ ಕೊಯ್ಯುತ್ತದೆ ಅಂತಲೂ ಹೇಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೈಲು ಶಿಕ್ಷೆ ಕಡಿಮೆ ಮಾಡುವ ಸುಧಾರಣೆ ಮಾತಾಡಿದ ಡಿಎ ಚೇಸಾ ಬುಡೀನ್ ಅವರನ್ನು 2022ರ ಜೂನ್‌ನಲ್ಲಿ ಜನ ಅವಧಿ ಮುಗಿಯುವ ಮೊದಲೇ ಇಳಿಸಿದರು. ಅದೇ ಥರದ ಲಾಸ್ ಏಂಜಲೀಸ್‌ನ ಡಿಎ ಗ್ಯಾಸ್ಕೋನ್ 2024ರಲ್ಲಿ ಸೋತರು. ಅಲಮೀಡಾ ಕೌಂಟಿಯ ಪಮೇಲಾ ಪ್ರೈಸ್ ಕೂಡ ಅದೇ ನವೆಂಬರ್‌ನಲ್ಲಿ ಹೋದರು, ಫ್ರೀಮಾಂಟ್‌ನಲ್ಲಿರುವ ನಮ್ಮ ಎಷ್ಟೋ ಜನ ಆ ಮತದಾನದಲ್ಲಿ ಇದ್ದವರೇ. ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಒಯ್ದವನ ಮೇಲೆ ಕೇಸೇ ಹಾಕಲ್ಲ ಅಂದರೆ ಜನ ಸುಮ್ನೆ ಇರ್ತಾರಾ? ನನ್ನ ಭಾವನ ಅಂಗಡಿಗೆ ಪದೇಪದೇ ನುಗ್ಗಿದ್ದಾರೆ, ಅವರ ಮುಂದೆ ಹೋಗಿ ಈ 94% ಲೆಕ್ಕ ಹೇಳಿ ನೋಡೋಣ.

ಶರಾವತಿ_ತೀರದವಳು

ಹೇಳಲ್ಲ ಅಣ್ಣ, ಅವರ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಗಾಜು ಒಡೆದವನನ್ನು ಪೊಲೀಸರು ಹಿಡಿದೇ ಇಲ್ಲ ಅಂದರೆ ಡಿಎ ಯಾರ ಮೇಲೆ ಕೇಸು ಹಾಕಬೇಕು? ಡಿಎ ಪೊಲೀಸರ ಬಾಸ್ ಅಲ್ಲ. ಪೊಲೀಸ್ ಮುಖ್ಯಸ್ಥರು ನಗರದವರು, ಶೆರಿಫ್ (ಕೌಂಟಿ ಪೊಲೀಸರ ಮುಖ್ಯಸ್ಥ) ಬೇರೆಯೇ ಚುನಾವಣೆ. ಇನ್ನೊಂದು ಕಡೆಯಿಂದ ಲ್ಯಾರಿ ಕ್ರಾಸ್ನರ್ ಫಿಲಡೆಲ್ಫಿಯಾದಲ್ಲಿ ಇದೇ ಥರದ ಸುಧಾರಣೆ ಮಾತಾಡಿಕೊಂಡೇ 2017, 2021, 2025, ಮೂರು ಸಲ ಗೆದ್ದಿದ್ದಾರೆ. ಊರಿಂದ ಊರಿಗೆ ಜನರ ಲೆಕ್ಕ ಬೇರೆ. ಚುನಾವಣೆ ಇಟ್ಟಿರುವುದೇ ಅದಕ್ಕೆ ಅಲ್ವಾ?

ಗದಗಿನ_ಗಾಳಿ

ಪೊಲೀಸರ ವಿಷಯ ಒಪ್ಪಿದೆ. ಉಳಿದದ್ದರಲ್ಲಿ ನಾನು ಇರುವಲ್ಲೇ ಇದ್ದೇನೆ.

ಕೋಲಾರದಿಂದ_ಡಲ್ಲಾಸ್

ನನ್ನ ಒಂದು ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅಟಾರ್ನಿ ಜನರಲ್, ಗವರ್ನರ್ ಇವರೆಲ್ಲ ಡಿಎ ಮೇಲೆ ಇರುವವರಾ ಅಲ್ವಾ?

ರೌಂಡ್‌ರಾಕ್_ರಾಯರು

ಟೆಕ್ಸಾಸ್ ಮಟ್ಟಿಗೆ ಹೇಳುತ್ತೇನೆ. ಇಲ್ಲಿ ಅಟಾರ್ನಿ ಜನರಲ್ (ಎಜಿ) ಕೂಡ ಚುನಾಯಿತರೇ, ಆದರೆ ಕ್ರಿಮಿನಲ್ ಕೇಸು ತಾವಾಗಿಯೇ ನಡೆಸಲು ಆಗಲ್ಲ, ಸ್ಥಳೀಯ ಪ್ರಾಸಿಕ್ಯೂಟರ್ ಕರೆಯಬೇಕು. ಚುನಾವಣಾ ಅಕ್ರಮದ ಕೇಸು ಎಜಿ ನೇರವಾಗಿ ಹಾಕಬಹುದು ಅಂತ ಒಂದು ಕಾನೂನಿತ್ತು. 2021ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಅತಿ ಮೇಲಿನ ಕ್ರಿಮಿನಲ್ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಡಿಎಗಳು ನ್ಯಾಯಾಂಗದ ವಿಭಾಗಕ್ಕೆ ಸೇರಿದವರು, ಅವರ ಕೆಲಸಕ್ಕೆ ಕಾರ್ಯಾಂಗದ ಎಜಿ ಕೈ ಹಾಕುವಂತಿಲ್ಲ ಅಂತ.

ಆದರೆ ಶಾಸನಸಭೆ ಸುಮ್ಮನೆ ಕೂತಿಲ್ಲ. 2023ರಲ್ಲಿ ಹೊಸ ಕಾನೂನು ಬಂತು. ಒಂದು ಬಗೆಯ ಅಪರಾಧಕ್ಕೆ ಕೇಸೇ ಹಾಕಲ್ಲ ಅಂತ ನೀತಿ ಮಾಡಿದರೆ ಡಿಎ ಅವರನ್ನು ಕೋರ್ಟ್ ಮೂಲಕ ತೆಗೆಯಬಹುದು. ಫ್ಲೋರಿಡಾದಲ್ಲಿ ಇನ್ನೂ ನೇರ. ಗವರ್ನರ್ ಡಿಸ್ಯಾಂಟಿಸ್ 2022ರಲ್ಲಿ ಟ್ಯಾಂಪಾದ ಆಂಡ್ರೂ ವಾರನ್ ಅವರನ್ನು, 2023ರಲ್ಲಿ ಒರ್ಲ್ಯಾಂಡೊದ ಮೊನೀಕ್ ವೊರೆಲ್ ಅವರನ್ನು ಅಮಾನತು ಮಾಡಿದರು. ವೊರೆಲ್ 2024ರಲ್ಲಿ ಮತ್ತೆ ಚುನಾವಣೆಗೆ ನಿಂತು ಗೆದ್ದು ಬಂದರು. ಜನ ಆರಿಸಿದವರನ್ನು ಗವರ್ನರ್ ತೆಗೆಯುವುದು ನನಗಂತೂ ಸರಿ ಕಾಣಲ್ಲ, ನೀತಿ ಇಷ್ಟ ಇಲ್ಲ ಅಂದರೆ ಮುಂದಿನ ಚುನಾವಣೆ ಇದೆಯಲ್ಲ.

ಸುಮಾ_ಎಡಿಸನ್

ಮೇಲಿನವರು ಕೈ ಹಾಕಲೇಬೇಕಾದ ಸಂದರ್ಭವೂ ಇರುತ್ತದೆ ರಾಯರೇ. ಜಾರ್ಜಿಯಾದ ಅಹ್ಮದ್ ಆರ್ಬರಿ ಕೇಸು ನೆನಪಿಸಿಕೊಳ್ಳಿ. 2020ರ ಫೆಬ್ರವರಿ 23, ಓಡುತ್ತಿದ್ದ ಹುಡುಗನನ್ನು ಟ್ರಕ್‌ನಲ್ಲಿ ಅಟ್ಟಿಸಿಕೊಂಡು ಹೋಗಿ ಗುಂಡು ಹೊಡೆದರು. ಆರೋಪಿಗಳಲ್ಲಿ ಒಬ್ಬ ಅದೇ ಡಿಎ ಆಫೀಸಿನಲ್ಲಿ ಮೊದಲು ತನಿಖಾಧಿಕಾರಿ ಆಗಿದ್ದವನು. ಆ ಡಿಎ ಹಿಂದೆ ಸರಿದರು. ಎರಡನೇ ಡಿಎ ಬಂದರು, ಬಂಧಿಸಲು ಕಾರಣವೇ ಇಲ್ಲ ಅಂತ ಪತ್ರ ಬರೆದು ತಾವೂ ಸರಿದರು. ಮೂರನೆಯವರ ಕೈಗೆ ಹೋಯಿತು. ಎರಡು ತಿಂಗಳಿಗೂ ಹೆಚ್ಚು ಯಾರನ್ನೂ ಹಿಡಿಯಲಿಲ್ಲ. ಮೇ ತಿಂಗಳಲ್ಲಿ ವಿಡಿಯೋ ಹೊರಗೆ ಬಂತು, ರಾಜ್ಯದ ತನಿಖಾ ದಳ ಬಂತು, ಎರಡೇ ದಿನದಲ್ಲಿ ಬಂಧನ. ಆಮೇಲೆ ರಾಜ್ಯದ ಎಜಿ ಅಟ್ಲಾಂಟಾ ಪಕ್ಕದ ಕಾಬ್ ಕೌಂಟಿಯ ಡಿಎಗೆ ವಹಿಸಿದರು. 2021ರ ನವೆಂಬರ್‌ನಲ್ಲಿ ಮೂವರೂ ಅಪರಾಧಿಗಳು ಅಂತ ತೀರ್ಪು. ಕಾನೂನು ಅದೇ, ಸಾಕ್ಷ್ಯ ಅದೇ, ಆ ಫೋನ್ ವಿಡಿಯೋ ಕೂಡ ಮೊದಲಿಂದ ಪೊಲೀಸರ ಹತ್ತಿರ ಇತ್ತು. ಬದಲಾದದ್ದು ಮೇಜಿನ ಹಿಂದೆ ಕೂತವರು.

ಮಿನೆಸೋಟದಲ್ಲೂ ಜಾರ್ಜ್ ಫ್ಲಾಯ್ಡ್ ಕೇಸನ್ನು ಗವರ್ನರ್ ಕೇಳಿಕೊಂಡ ಮೇಲೆ ಎಜಿ ಕೀತ್ ಎಲಿಸನ್ ಮುಂದೆ ನಿಂತು ನಡೆಸಿದರು. ಊರಿನ ಪ್ರಾಸಿಕ್ಯೂಟರ್‌ಗೆ ದಿನಾ ಅದೇ ಪೊಲೀಸರ ಸಾಕ್ಷಿ ಬೇಕು, ಅವರ ಮೇಲೇ ಕೇಸು ಹಾಕುವುದು ಎಷ್ಟು ಕಷ್ಟ ಯೋಚಿಸಿ.

ಮೈಸೂರು_ವಕೀಲ

ಒಂದು ಕುತೂಹಲ. ಖುಲಾಸೆ ಆದರೆ ಡಿಎ ಮೇಲ್ಮನವಿ ಹೋಗಬಹುದಾ? ನಮ್ಮಲ್ಲಿ ಜಯಲಲಿತಾ ಆಸ್ತಿ ಕೇಸು ಬೆಂಗಳೂರಿಗೆ ಬಂದಿದ್ದು ನೆನಪಿರಬೇಕು. 2014ರಲ್ಲಿ ಜಡ್ಜ್ ಕುನ್ಹಾ ಅವರು ಶಿಕ್ಷೆ ಕೊಟ್ಟರು, 2015ರ ಮೇನಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು, ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, 2017ರಲ್ಲಿ ಶಿಕ್ಷೆ ಮತ್ತೆ ಎತ್ತಿ ಹಿಡಿದರು. ಆ ಕೇಸಿನಲ್ಲಿ ಹೈಕೋರ್ಟಿನಲ್ಲಿ ವಾದಿಸಿದ ವಿಶೇಷ ಅಭಿಯೋಜಕರನ್ನು ನೇಮಿಸುವ ಅಧಿಕಾರವೇ ತಮಿಳುನಾಡಿಗೆ ಇರಲಿಲ್ಲ, ಅದು ಕರ್ನಾಟಕದ್ದು ಅಂತಲೂ ಸುಪ್ರೀಂ ಕೋರ್ಟ್ ಹೇಳಿತ್ತು. ಯಾರು ನೇಮಿಸಿದರು ಅನ್ನುವುದೇ ನಮ್ಮಲ್ಲಿ ದೊಡ್ಡ ಜಗಳ.

ಶರಾವತಿ_ತೀರದವಳು

ಜ್ಯೂರಿ ಖುಲಾಸೆ ಮಾಡಿದರೆ ಇಲ್ಲಿ ಮುಗೀತು ಸರ್. ಅದೇ ಅಪರಾಧಕ್ಕೆ ಆ ರಾಜ್ಯ ಇನ್ನೊಂದು ಸಲ ವಿಚಾರಣೆಗೆ ಎಳೆಯುವಂತಿಲ್ಲ. ಅದಕ್ಕೂ ಒಂದು ಅಡ್ಡ ಪರಿಣಾಮ ಇದೆ: ಸೋತರೆ ಎರಡನೇ ಅವಕಾಶ ಇಲ್ಲ ಅಂತ ಗೊತ್ತಿರುವುದರಿಂದ ವಿಚಾರಣೆಗೆ ಹೋಗುವ ಮುಂಚೆಯೇ ಒಪ್ಪಂದ ಮುಗಿಸಲು ಪ್ರಾಸಿಕ್ಯೂಟರ್‌ಗೂ ಆಸೆ ಜಾಸ್ತಿ.

ಕೋಲಾರದಿಂದ_ಡಲ್ಲಾಸ್

ಎಲ್ಲರಿಗೂ ಥ್ಯಾಂಕ್ಸ್. ಕೊನೇದಾಗಿ, ಓಟು ಹಾಕುವಾಗ ಏನು ನೋಡಬೇಕು? ಬೋರ್ಡ್ ಮೇಲೆ ಎಲ್ಲರೂ 'ಸುರಕ್ಷಿತ ಸಮುದಾಯ' ಅಂತಲೇ ಬರೆಸಿದ್ದಾರೆ. ನನ್ನ ಸ್ನೇಹಿತನ ಕೌಂಟಿಯಲ್ಲಿ ಕೌಂಟಿ ಅಟಾರ್ನಿ ಅಂತ ಇನ್ನೊಂದು ಸಾಲೂ ಇದೆಯಂತೆ.

ರೌಂಡ್‌ರಾಕ್_ರಾಯರು

ಎರಡೂ ಇರುವ ಕೌಂಟಿಯಲ್ಲಿ, ಉದಾಹರಣೆಗೆ ನಮ್ಮಲ್ಲಿ, ಡಿಎ ದೊಡ್ಡ ಅಪರಾಧ ನೋಡಿಕೊಳ್ಳುತ್ತಾರೆ, ಕೌಂಟಿ ಅಟಾರ್ನಿ ಸಣ್ಣದ್ದು.

ನೋಡಬೇಕಾದ್ದು ಮೊದಲು ಪ್ರೈಮರಿ. ಎಷ್ಟೋ ಕೌಂಟಿಯಲ್ಲಿ ಒಂದೇ ಪಕ್ಷದ ಜೋರು, ನವೆಂಬರ್ ಹೊತ್ತಿಗೆ ಎದುರಾಳಿಯೇ ಇರಲ್ಲ. ಬ್ರಾಡ್ಲಿ ಸೋತದ್ದೂ ಪ್ರೈಮರಿಯಲ್ಲೇ. ಅಭ್ಯರ್ಥಿಗಳ ಸಭೆ ಇದ್ದರೆ ಹೋಗಿ ಕೇಳಿ: ಶಿಕ್ಷೆ ಆದ ಹಳೇ ಕೇಸುಗಳನ್ನು ಮತ್ತೆ ನೋಡುವ ವಿಭಾಗ ನಿಮ್ಮ ಆಫೀಸಿನಲ್ಲಿ ಇದೆಯಾ, ಡಿಎನ್‌ಎ ಪರೀಕ್ಷೆ ಕೇಳಿದರೆ ಒಪ್ಪುತ್ತೀರಾ, ಕುಡಿದು ಓಡಿಸಿದ ಮೊದಲ ಕೇಸಿಗೆ ನಿಮ್ಮ ನೀತಿ ಏನು. ಶಿಕ್ಷೆಯ ಶೇಕಡಾವಾರು ಹೇಳಿ ಎದೆ ತಟ್ಟಿಕೊಂಡರೆ ಅದಕ್ಕೆ ಬೆಲೆ ಕೊಡಬೇಡಿ. ಗೆಲ್ಲುವ ಕೇಸು ಮಾತ್ರ ಹಾಕಿದರೆ ಯಾರಿಗಾದರೂ ಅಷ್ಟು ಬರುತ್ತದೆ.

ಗದಗಿನ_ಗಾಳಿ

ಅಂಗಡಿ ಕಳವಿಗೆ ಏನು ಮಾಡ್ತೀರಿ ಅಂತಲೂ ಕೇಳಿ ತಮ್ಮ. ಅದನ್ನು ಬಿಡಬೇಡಿ.

ಸುಮಾ_ಎಡಿಸನ್

ನಮ್ಮ ನ್ಯೂಜೆರ್ಸಿಯವರು ಯಾರಾದರೂ ಇದನ್ನು ಓದಿ ಬ್ಯಾಲಟ್ ಹುಡುಕಲು ಹೋಗಬೇಡಿ, ಸಿಗಲ್ಲ. ಇಲ್ಲಿ ಕೌಂಟಿ ಪ್ರಾಸಿಕ್ಯೂಟರ್‌ಗಳನ್ನು ಗವರ್ನರ್ ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು, ಅವಧಿ 5 ವರ್ಷ. ಅಲಾಸ್ಕಾ, ಕನೆಕ್ಟಿಕಟ್‌ನಲ್ಲೂ ಚುನಾವಣೆ ಇಲ್ಲ. ಡೆಲವೇರ್, ರೋಡ್ ಐಲ್ಯಾಂಡ್‌ನಲ್ಲಿ ಊರಿಗೊಬ್ಬ ಡಿಎ ಅಂತಲೇ ಇಲ್ಲ, ರಾಜ್ಯದ ಎಜಿ ಆಫೀಸೇ ಎಲ್ಲ ನಡೆಸುತ್ತದೆ. ನಮ್ಮಲ್ಲಿ ಡಿಎ ನೀತಿ ಬದಲಾಗಬೇಕು ಅಂದರೆ ಗವರ್ನರ್ ಚುನಾವಣೆಯಲ್ಲೇ ಕೇಳಬೇಕು.